ದೊಡ್ಡಕರುಳಿನ ಕೆಳಭಾಗದ ಪರೀಕ್ಷೆ: ರೋಗಿಗಳಿಗೆ ತಿಳಿವಳಿಕೆ

ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೇ ಇರಬೇಕೆಂದು ತಾವೇ ತೀರ್ಮಾನಿಸಿ, ಯಾರೋ ಹೇಳಿದ ಔಷಧಿ ಮಾಡುತ್ತ ತಿಂಗಳುಗಟ್ಟಲೆ ಕಳೆಯುವವರು ಬಹಳ ಜನ. ಅನೇಕ ಸಲ ಅದು ಮೂಲವ್ಯಾಧಿಯೇ ಆಗಿರುತ್ತದೆ, ನಿಜ. ಆದರೆ ಕರುಳಿನ ಹುಣ್ಣು, ಪಾಲಿಪ್ ಎಂಬ ಮಾಂಸದ ಬೆಳವಣಿಗೆ, ಕ್ಯಾನ್ಸರ್ ಇವುಗಳಲ್ಲಿಯೂ ಹೀಗೆಯೇ ರಕ್ತ ಹೋಗಬಹುದು. ಒಳಗೆ ನೋಡದೆ ಯಾವುದೆಂದು ಹೇಳಲಾಗದು. ಅದಕ್ಕಾಗಿಯೇ ಸಿಗ್ಮಾಯ್ಡೋಸ್ಕೋಪಿ ಪರೀಕ್ಷೆ.

ಹಿಂದಿನ ರಾತ್ರಿ ಗಂಜಿ, ಮಜ್ಜಿಗೆ ಅನ್ನದಂಥ ಹಗುರ ಊಟ ಮಾಡಿರಿ. ಸೊಪ್ಪು, ಕಾಳು ಬೇಡ. ಪರೀಕ್ಷೆಗೆ ಮುಂಚೆ ಎನಿಮಾ ಕೊಟ್ಟು ಕರುಳನ್ನು ತೊಳೆಯಲಾಗುತ್ತದೆ. ಮಲ ಉಳಿದಿದ್ದರೆ ಏನೂ ಕಾಣಿಸದು, ಮತ್ತೊಮ್ಮೆ ಬರಬೇಕಾಗುತ್ತದೆ. ರಕ್ತ ತೆಳುವಾಗಿಸುವ ಗುಳಿಗೆ, ಸಕ್ಕರೆ ಕಾಯಿಲೆಯ ಔಷಧಿ ತೆಗೆದುಕೊಳ್ಳುತ್ತಿದ್ದರೆ ಅಥವಾ ಗರ್ಭಿಣಿಯಾಗಿದ್ದರೆ ಮೊದಲೇ ತಿಳಿಸಿರಿ. ಗುಳಿಗೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ.

ಪರೀಕ್ಷೆಯ ವೇಳೆ ಎಡಮಗ್ಗುಲಾಗಿ, ಮೊಣಕಾಲು ಮಡಚಿ ಮಲಗಬೇಕು. ಮೈಮೇಲೆ ಬಟ್ಟೆ ಹೊದಿಸಿರುತ್ತಾರೆ. ಮಹಿಳೆಯರು ದಾದಿಯನ್ನು ಜೊತೆಗಿರಿಸಿಕೊಳ್ಳಬಹುದು, ಕೇಳಲು ಸಂಕೋಚ ಬೇಡ. ವೈದ್ಯರು ಮೊದಲು ಬೆರಳಿನಿಂದ ಪರೀಕ್ಷಿಸಿ, ನಂತರ ಕಿರುಬೆರಳಿನಷ್ಟು ದಪ್ಪದ, ಬಾಗುವ ನಳಿಕೆಯನ್ನು ಗುದದ್ವಾರದ ಮೂಲಕ ನಿಧಾನವಾಗಿ ಒಳಬಿಡುತ್ತಾರೆ. ಅದರ ತುದಿಯಲ್ಲಿ ಬೆಳಕು, ಕ್ಯಾಮೆರಾ ಇರುತ್ತವೆ. ಕರುಳು ಬಿಚ್ಚಿಕೊಳ್ಳಲೆಂದು ಗಾಳಿ ಬಿಡುವುದರಿಂದ ಹೊಟ್ಟೆ ಉಬ್ಬಿದಂತೆ, ಸಂಡಾಸಕ್ಕೆ ಬಂದಂತೆ ಅನಿಸುತ್ತದೆ. ಆಗ ಬಾಯಿಂದ ದೀರ್ಘವಾಗಿ ಉಸಿರಾಡಿರಿ. ಗಾಳಿ ಹೊರಹೋದರೆ ನಾಚಿಕೆಪಡಬೇಡಿ, ಎಲ್ಲರಿಗೂ ಹಾಗೆಯೇ ಆಗುತ್ತದೆ. ತೀರ ನೋವಾದರೆ ಮಾತ್ರ ಸುಮ್ಮನಿರದೆ ಹೇಳಿರಿ. ಹೆಚ್ಚಿನವರಿಗೆ 10ರಿಂದ 20 ನಿಮಿಷಗಳಲ್ಲಿ ಮುಗಿಯುತ್ತದೆ, ಸಾಮಾನ್ಯವಾಗಿ ಅರಿವಳಿಕೆ ಬೇಕಾಗುವುದಿಲ್ಲ. ಸಂಶಯ ಬಂದಲ್ಲಿ ಅಕ್ಕಿಕಾಳಿಗಿಂತ ಚಿಕ್ಕ ತುಣುಕು ತೆಗೆಯುತ್ತಾರೆ. ಅದು ನೋಯುವುದಿಲ್ಲ. ತುಣುಕು ತೆಗೆದರೆಂದ ಮಾತ್ರಕ್ಕೆ ಕ್ಯಾನ್ಸರ್ ಎಂದು ತಿಳಿದು ಮನೆಯವರು ಗಾಬರಿಯಾಗಬಾರದು.

ದೊಡ್ಡಕರುಳಿನ ಉದ್ದ ಸುಮಾರು ಒಂದೂವರೆ ಮೀಟರ್. ಈ ನಳಿಕೆ ಹೆಚ್ಚೆಂದರೆ 60 ಸೆಂಟಿಮೀಟರ್‌ವರೆಗೆ ಹೋಗುತ್ತದೆ. ಆದ್ದರಿಂದ ಇಲ್ಲಿ ಏನೂ ಕಾಣದಿದ್ದರೂ ವೈದ್ಯರು ಪೂರ್ಣ ಕರುಳಿನ ಪರೀಕ್ಷೆಯಾದ ಕೊಲೊನೋಸ್ಕೋಪಿಗೆ ಹೇಳಬಹುದು.

ಪರೀಕ್ಷೆಯ ನಂತರ ಸ್ವಲ್ಪ ಹೊತ್ತು ಹೊಟ್ಟೆ ಗುಡುಗುಡು ಅನ್ನುವುದು ಸಹಜ. ಅರಿವಳಿಕೆ ಕೊಡದಿದ್ದರೆ ಅಂದೇ ಊಟ ಮಾಡಿ ಮನೆಗೆ ಹೋಗಬಹುದು. ತುಣುಕು ತೆಗೆದಿದ್ದರೆ ಒಂದೆರಡು ಹನಿ ರಕ್ತ ಕಾಣಬಹುದು. ಆದರೆ ರಕ್ತ ಹೆಚ್ಚಾಗಿ ಹೋದರೆ, ಹೊಟ್ಟೆ ಬಿಗಿದು ವಿಪರೀತ ನೋವಾದರೆ, ಚಳಿಜ್ವರ ಬಂದರೆ ಬೆಳಗಾಗಲೆಂದು ಕಾಯದೆ ಕೂಡಲೇ ಆಸ್ಪತ್ರೆಗೆ ಬನ್ನಿರಿ. ತುಣುಕಿನ ವರದಿ ಬರಲು ಕೆಲವು ದಿನ ಬೇಕು. ರಕ್ತ ನಿಂತಿದೆಯಲ್ಲ ಎಂದು ಅದನ್ನು ಕೇಳದೆ ಬಿಡಬೇಡಿ.