ಹುಚ್ಚನ ವೇಷ ಹಾಕಿದರೆ ಕೋರ್ಟು ಬಿಟ್ಟುಬಿಡುತ್ತಾ?

ಬೆಳಗ್ಗೆ ಎಂಟೂವರೆಗೆ ರಾಜಗೋಪಾಲನಗರದ ದರ್ಶಿನಿಯಲ್ಲಿ ನಿಂತರೆ ಒಂದು ಕಡೆ ಪೀಣ್ಯದ ಶಿಫ್ಟಿಗೆ ಓಡುವವರು, ಇನ್ನೊಂದು ಕಡೆ ನನ್ನಂಥ ಲ್ಯಾಪ್‌ಟಾಪ್ ಬ್ಯಾಗಿನವರು. ಗೋಡೆಯ ಟಿವಿಯಲ್ಲಿ ಯಾವುದೋ ಕೊಲೆ ಸುದ್ದಿ ಓಡುತ್ತಿತ್ತು. ಆರೋಪಿ ಮಾನಸಿಕ ಅಸ್ವಸ್ಥ ಅಂತ ವಕೀಲರು ಹೇಳಿದ್ದಾರಂತೆ. ಪಕ್ಕದಲ್ಲಿ ಇಡ್ಲಿ ತಿನ್ನುತ್ತಿದ್ದ ಹಿರಿಯರೊಬ್ಬರು ತಲೆಯನ್ನೂ ಎತ್ತದೆ ಅಂದರು, "ಎಲ್ಲಾ ಡ್ರಾಮಾ ಕಣ್ರೀ. ನಾಲ್ಕು ದಿನ ನಿಮ್ಹಾನ್ಸಲ್ಲಿ ಇದ್ದು ಆಚೆ ಬರ್ತಾನೆ."

ನಾನೂ ಬಹಳ ವರ್ಷ ಹಾಗೇ ಅಂದುಕೊಂಡಿದ್ದೆ. ಓದುತ್ತಾ ಹೋದಾಗ ಗೊತ್ತಾಗಿದ್ದು, ಆ ಮಾತಿನಲ್ಲಿ ಎರಡು ತಪ್ಪಿವೆ. ನಟಿಸುವುದೂ ಸುಲಭವಲ್ಲ, ಆಚೆ ಬರುವುದಂತೂ ಅಲ್ಲವೇ ಅಲ್ಲ.

ಮೊದಲು ಕಾನೂನು. ಹಳೇ ಐಪಿಸಿಯ 84ನೇ ಸೆಕ್ಷನ್ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 22ನೇ ಸೆಕ್ಷನ್ ಆಗಿದೆ. ಇದರ ಬೇರು ಇರುವುದು 1843ರ ಲಂಡನ್‌ನಲ್ಲಿ. ಡೇನಿಯಲ್ ಮೆಕ್‌ನಾಟನ್ ಅನ್ನುವವನು ಪ್ರಧಾನಿ ರಾಬರ್ಟ್ ಪೀಲ್ ಅವರ ಕಾರ್ಯದರ್ಶಿಯನ್ನು ಗುಂಡಿಟ್ಟು ಕೊಂದ ಕೇಸು ಅದು. ಇವತ್ತಿಗೂ ನಮ್ಮ ಕೋರ್ಟುಗಳು ಕೇಳುವುದು ಆಗ ಹುಟ್ಟಿದ ಪ್ರಶ್ನೆಯನ್ನೇ: ಆ ಕ್ಷಣದಲ್ಲಿ ತಾನೇನು ಮಾಡುತ್ತಿದ್ದೇನೆ, ಅದು ತಪ್ಪು ಅನ್ನುವುದು ಅವನಿಗೆ ತಿಳಿದಿತ್ತಾ? ಸ್ಕಿಜೋಫ್ರೀನಿಯಾ ಇದೆ ಅನ್ನುವ ಫೈಲ್ ಒಂದೇ ಸಾಲದು. ರಕ್ತ ತೊಳೆದನಾ, ಚಾಕು ಬಚ್ಚಿಟ್ಟನಾ, ಮೊಬೈಲ್ ಆಫ್ ಮಾಡಿ ಊರು ಬಿಟ್ಟನಾ ಅಂತಲೂ ನೋಡುತ್ತಾರೆ. ಸಾಬೀತು ಮಾಡುವ ಹೊರೆ ಆರೋಪಿಯದು. ಆದರೆ ನೂರಕ್ಕೆ ನೂರು ತೋರಿಸಬೇಕಿಲ್ಲ, ಸಾಧ್ಯತೆಯ ತಕ್ಕಡಿ ಅವನ ಕಡೆ ವಾಲಿದರೆ ಸಾಕು ಅಂತ ಸುಪ್ರೀಂ ಕೋರ್ಟ್ 1964ರಲ್ಲೇ ಹೇಳಿದೆ.

ಹಾಗೆ ಖುಲಾಸೆ ಆದವನು ಸೀದಾ ಮನೆಗೆ ಹೋಗುವುದಿಲ್ಲ. ಸುರಕ್ಷಿತ ಕಸ್ಟಡಿಯಲ್ಲಿಡಬೇಕು, ಇಲ್ಲವೇ ಜವಾಬ್ದಾರಿ ಬರೆದುಕೊಡುವ ಸಂಬಂಧಿಕರಿಗೆ ಒಪ್ಪಿಸಬೇಕು. ಇನ್ನು ವಿಚಾರಣೆ ಎದುರಿಸುವ ಸ್ಥಿತಿಯಲ್ಲೇ ಇಲ್ಲ ಅಂತಾದರೆ ಕೇಸೇ ನಿಲ್ಲುತ್ತದೆ. ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ ಅಂತಾರಲ್ಲ, ಹಾಗೆ. ಅಸ್ಸಾಮಿನ ಮಚಾಂಗ್ ಲಾಲುಂಗ್ 1951ರಲ್ಲಿ ಒಳಗೆ ಹೋದವರು. ಹುಷಾರಾಗಿದ್ದಾರೆ ಅಂತ 1967ರಲ್ಲೇ ವೈದ್ಯರು ಬರೆದುಕೊಟ್ಟಿದ್ದರೂ ಹೊರಗೆ ಬಂದಿದ್ದು 2005ರಲ್ಲಿ, ವಿಚಾರಣೆಯೇ ನಡೆಯದೆ. ಐವತ್ತನಾಲ್ಕು ವರ್ಷ!

ಸರಿ, ಆದರೂ ನಟಿಸುವವರು ಇದ್ದಾರಲ್ಲ, ಅವರನ್ನು ಹಿಡಿಯೋದು ಹೇಗೆ?

ನನ್ನ ಇಂಜಿನಿಯರ್ ತಲೆ ಮೊದಲು ಹುಡುಕಿದ್ದು ಮೆಷೀನನ್ನು. ಲೈ ಡಿಟೆಕ್ಟರ್, ಬ್ರೈನ್ ಮ್ಯಾಪಿಂಗ್, ನಾರ್ಕೋ. ಒಂದು ಕಾಲದಲ್ಲಿ ಇವಕ್ಕೆಲ್ಲ ನಮ್ಮ ಬೆಂಗಳೂರೇ ದೇಶಕ್ಕೆ ಹೆಸರುವಾಸಿಯಾಗಿತ್ತು. ತೆಲಗಿಯ ನಾರ್ಕೋ ವಿಡಿಯೋ ಟಿವಿಯಲ್ಲಿ ಬಂದದ್ದು ನಿಮ್ಮ ಮನೆಯ ದೊಡ್ಡವರಿಗೆ ನೆನಪಿರುತ್ತದೆ. 2010ರ ಮೇ 5ರಂದು ಸೆಲ್ವಿ ವರ್ಸಸ್ ಕರ್ನಾಟಕ ಸರ್ಕಾರ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಬ್ರೇಕ್ ಹಾಕಿತು. ಒಪ್ಪಿಗೆಯಿಲ್ಲದೆ ಯಾರಿಗೂ ಈ ಪರೀಕ್ಷೆಗಳನ್ನು ಮಾಡುವ ಹಾಗಿಲ್ಲ. ಮಾಡಿದ್ದರೂ ಏನು ಪ್ರಯೋಜನ? 'ನನಗೆ ಧ್ವನಿ ಕೇಳಿಸುತ್ತೆ' ಅನ್ನುವ ಮಾತನ್ನು ಪರೀಕ್ಷಿಸುವ ಸ್ಕ್ಯಾನ್ ಇಲ್ಲ.

ಹಾಗಾಗಿ ಉಳಿಯುವುದು ಕಣ್ಣು, ಕಿವಿ, ತಾಳ್ಮೆ. ವಾರ್ಡಿಗೆ ಸೇರಿಸಿಕೊಂಡು ದಿನಗಟ್ಟಲೆ ನೋಡುತ್ತಾರೆ. ವೈದ್ಯರು ನೋಡುವುದು ದಿನಕ್ಕೆ ಸ್ವಲ್ಪ ಹೊತ್ತು, ನರ್ಸುಗಳು ನೋಡುವುದು ಇಪ್ಪತ್ತನಾಲ್ಕು ಗಂಟೆ. ರೌಂಡ್ಸ್ ಬಂದಾಗ ಗೋಡೆ ಜೊತೆ ಮಾತಾಡುವವನು ಊಟದ ಸಾಲಿನಲ್ಲಿ ಪಕ್ಕದವನ ಜೊತೆ ಲೆಕ್ಕ ಹಾಕಿ ಬೀಡಿ ವ್ಯಾಪಾರ ಮಾಡಿದರೆ ಅದೂ ಬರಹಕ್ಕೆ ಬರುತ್ತದೆ. ಹಗಲು ಗಲಾಟೆ ಮಾಡಬಹುದು, ರಾತ್ರಿಯೆಲ್ಲ ಎದ್ದು ನಟಿಸುವುದು ಕಷ್ಟ.

ಇನ್ನೊಂದು, ನಟಿಸುವವನು ಕಲಿತಿರುವುದು ಸಿನಿಮಾದಿಂದ. ಅವನ ಧ್ವನಿಗಳು ಬಿಡುವಿಲ್ಲದೆ ಕೇಳಿಸುತ್ತವೆ, ಹೇಳಿದ್ದನ್ನೆಲ್ಲ ಅವನು ಮಾಡಲೇಬೇಕು. ನಿಜವಾದ ಕಾಯಿಲೆಯಲ್ಲಿ ಧ್ವನಿಗಳು ಸಾಮಾನ್ಯವಾಗಿ ಬಂದು ಹೋಗುತ್ತವೆ. ಅವನ್ನು ತಡೆಯಲು ರೋಗಿ ತನ್ನದೇ ಉಪಾಯ ಕಂಡುಕೊಂಡಿರುತ್ತಾನೆ: ರೇಡಿಯೋ ಹಾಕುತ್ತಾನೆ, ನಡೆದಾಡುತ್ತಾನೆ, ಯಾರ ಜೊತೆಗಾದರೂ ಮಾತಿಗಿಳಿಯುತ್ತಾನೆ. 'ಧ್ವನಿ ಬಂದಾಗ ಏನು ಮಾಡ್ತೀಯಪ್ಪಾ?' ಅಂದರೆ ನಟಿಸುವವನ ಹತ್ತಿರ ಉತ್ತರ ಇರುವುದಿಲ್ಲ.

ನನಗೆ ತುಂಬಾ ಹಿಡಿಸಿದ್ದು 1996ರಲ್ಲಿ ಬಂದ ಟಾಮ್ ಅನ್ನುವ ನೆನಪಿನ ಪರೀಕ್ಷೆ. 'ನನಗೇನೂ ನೆನಪೇ ಇಲ್ಲ' ಅನ್ನುವವರಿಗೆ ಮಾಡಿದ್ದು. 50 ಚಿತ್ರ ತೋರಿಸುತ್ತಾರೆ. ಆಮೇಲೆ ಎರಡೆರಡು ಚಿತ್ರ ಇಟ್ಟು 'ಮೊದಲು ನೋಡಿದ್ದು ಯಾವುದು?' ಅಂತ ಕೇಳುತ್ತಾರೆ. ನೋಡಲು ಕಷ್ಟ ಅನಿಸಿದರೂ ಬಹಳ ಸುಲಭ. ಈಗ ಲೆಕ್ಕ ಹಾಕಿ. ಕಣ್ಣು ಮುಚ್ಚಿ ಉತ್ತರ ಕೊಟ್ಟರೂ ಸುಮಾರು 25 ಸರಿಯಾಗಬೇಕು. 15 ಅಥವಾ ಅದಕ್ಕಿಂತ ಕಡಿಮೆ ಬರುವ ಸಾಧ್ಯತೆ ಸಾವಿರಕ್ಕೆ ಮೂರು. ಅಷ್ಟು ಕಡಿಮೆ ಬಂತು ಅಂದರೆ ಸರಿ ಉತ್ತರ ಗೊತ್ತಿದ್ದೇ ತಪ್ಪನ್ನು ಆರಿಸಿದ್ದಾನೆ ಅಂತ. ತೀರಾ ಫೇಲ್ ಆಗಬೇಕೆಂದರೂ ಪಾಠ ಬರಬೇಕು!

1979ರಲ್ಲಿ ಅಮೆರಿಕದ ಸರಣಿ ಹಂತಕ ಕೆನೆತ್ ಬಿಯಾಂಕಿ, ಕೊಲೆ ಮಾಡಿದ್ದು ನಾನಲ್ಲ, ನನ್ನೊಳಗಿರುವ 'ಸ್ಟೀವ್' ಅಂದ. ಮನೋವೈದ್ಯ ಮಾರ್ಟಿನ್ ಓರ್ನ್, ನಿಜವಾದ ಕೇಸಿನಲ್ಲಿ ಎರಡೇ ವ್ಯಕ್ತಿತ್ವ ಇರುವುದು ಅಪರೂಪ ಅಂತ ಮಾತಿನ ಮಧ್ಯೆ ಹಾಗೇ ಒಂದು ಮಾತು ಬಿಟ್ಟರು. ಸ್ವಲ್ಪ ಹೊತ್ತಿಗೇ ಮೂರನೆಯವನು, 'ಬಿಲ್ಲಿ', ಹಾಜರಾದ.

ಕಥೆ ಯಾವಾಗಲೂ ಹೀಗೆ ಮುಗಿಯುವುದಿಲ್ಲ. ನ್ಯೂಯಾರ್ಕಿನ ಮಾಫಿಯಾ ದೊರೆ ವಿನ್ಸೆಂಟ್ ಜಿಗಾಂಟೆ ದಶಕಗಟ್ಟಲೆ ಸ್ನಾನದ ಗೌನು ಹಾಕಿಕೊಂಡು ಗೊಣಗುತ್ತಾ ಬೀದಿಯಲ್ಲಿ ಓಡಾಡಿದ. ಅವನಿಗೆ ಕಾಯಿಲೆ ಇದೆ ಅಂತ ಹೆಸರಾಂತ ವೈದ್ಯರೇ ಹೇಳಿದ್ದರು. ಎಲ್ಲಾ ನಾಟಕ ಅಂತ 2003ರಲ್ಲಿ ಅವನೇ ಒಪ್ಪಿಕೊಂಡ.

ಆದರೆ ನನ್ನನ್ನು ಕಾಡುವುದು ಇದರ ಉಲ್ಟಾ ತಪ್ಪು. ನಮ್ಮ ಚಿಕ್ಕಪ್ಪ ಇದೇ ಕಡೆಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ಓಡಿಸುತ್ತಿದ್ದರು. ಒಂದು ವರ್ಷ ಕೆಲಸದಲ್ಲಿ ತಪ್ಪು, ಜಗಳ, ಆಮೇಲೆ ರಜೆ. ಕೆಲಸ ತಪ್ಪಿಸಿಕೊಳ್ಳೋಕೆ ನಾಟಕ ಮಾಡ್ತಾನೆ ಅಂತ ಮಾಲೀಕರಿಂದ ಹಿಡಿದು ನಮ್ಮ ಅಜ್ಜಿವರೆಗೆ ಎಲ್ಲರೂ ಅಂದರು. ಧ್ವನಿ ಕೇಳಿಸುತ್ತೆ ಅಂತ ಚಿಕ್ಕಪ್ಪ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಚಿಕ್ಕಮ್ಮನಿಗೆ ಗೊತ್ತಾಗಿದ್ದು ಅವರು ರಾತ್ರಿ ಹತ್ತಿ ಕಿವಿಗಿಟ್ಟುಕೊಂಡು ಮಲಗುವುದನ್ನು ನೋಡಿ. ನಟಿಸುವವನು ಕಾಯಿಲೆಯನ್ನು ತೋರಿಸಿಕೊಳ್ಳುತ್ತಾನೆ, ಇರುವವನು ಎಷ್ಟೋ ಸಲ ಮುಚ್ಚಿಡುತ್ತಾನೆ ಅನ್ನುವ ಸಾಲು ಓದಿದಾಗ ನನಗೆ ನೆನಪಾಗಿದ್ದು ಆ ಹತ್ತಿ.

ಪರೀಕ್ಷೆಗಳ ಬಗ್ಗೆ ಒಂದು ಅನುಮಾನವೂ ಇದೆ. ಇವುಗಳಲ್ಲಿ ಬಹಳಷ್ಟು ಅಮೆರಿಕ, ಕೆನಡಾದಲ್ಲಿ ಹುಟ್ಟಿದವು. ಅಪರೂಪದ ಲಕ್ಷಣಗಳಿಗೆ ಹೂಂ ಅಂದಷ್ಟೂ ನಟನೆಯ ಅಂಕ ಏರುತ್ತದೆ. ಜಾತ್ರೆಯಲ್ಲಿ ಮೈಮೇಲೆ ದೇವರು ಬರುವ ಮನೆಯಿಂದ ಬಂದ ನಮ್ಮ ಹುಡುಗನಿಗೆ 'ಬೇರೆ ಶಕ್ತಿ ನಿನ್ನ ಬಾಯಲ್ಲಿ ಮಾತಾಡುತ್ತದಾ?' ಅಂದರೆ ಅವನು ಏನು ಹೇಳಬೇಕು? ನಮ್ಮ ಕನ್ನಡ, ನಮ್ಮ ಊರು ಗೊತ್ತಿರುವವರು ಎದುರಿಗೆ ಕೂತಿದ್ದರೆ ಮಾತ್ರ ಇದು ಬಗೆಹರಿಯುತ್ತದೆ. ಜೊತೆಗೆ, ನಿಜವಾಗಿ ಕಾಯಿಲೆ ಇರುವವನೂ ಭಯಕ್ಕೆ ಸ್ವಲ್ಪ ಹೆಚ್ಚಿಸಿ ಹೇಳಬಹುದು. ಅವನ ಒಂದು ಸುಳ್ಳು ಸಿಕ್ಕಿತು ಅಂತ ಕಾಯಿಲೆಯೇ ಸುಳ್ಳಾಗುವುದಿಲ್ಲ.

ಪರಪ್ಪನ ಅಗ್ರಹಾರದ ಸುಮಾರು 5,000 ಕೈದಿಗಳನ್ನು ನಿಮ್ಹಾನ್ಸ್ ತಂಡ ಪರೀಕ್ಷಿಸಿ 2011ರಲ್ಲಿ ವರದಿ ಕೊಟ್ಟಿತು. ಕುಡಿತ, ಮಾದಕ ವಸ್ತುಗಳ ಚಟವನ್ನು ಪಕ್ಕಕ್ಕಿಟ್ಟರೂ ಕಾಲು ಭಾಗಕ್ಕಿಂತ ಹೆಚ್ಚು ಜನರಲ್ಲಿ ಮಾನಸಿಕ ಸಮಸ್ಯೆ ಇತ್ತು. ಇಷ್ಟು ಜನ ಇರುವ ಕಡೆ, ಬಾಗಿಲಲ್ಲೇ ಎಲ್ಲರನ್ನೂ ನಾಟಕದವರು ಅಂದುಬಿಟ್ಟರೆ ತಪ್ಪುವ ಲೆಕ್ಕ ದೊಡ್ಡದು.

ಮರುವಾರ ಅದೇ ಹಿರಿಯರು ಸಿಕ್ಕಾಗ ಟಾಮ್ ಪರೀಕ್ಷೆಯ ಲೆಕ್ಕ ಹೇಳಿದೆ. ಕಾಫಿ ಲೋಟ ಕೆಳಗಿಟ್ಟು ಕೇಳಿಸಿಕೊಂಡರು. "ಅಲ್ಲಪ್ಪಾ, ಹಂಗಾದ್ರೆ ನಿಮ್ಮ ಚಿಕ್ಕಪ್ಪ ಈಗ ಹೆಂಗಿದಾರೆ?" ಅಂದರು. ಮಾತ್ರೆ ತಗೊಳ್ತಾರೆ, ಮತ್ತೆ ಕೆಲಸಕ್ಕೆ ಹೋಗ್ತಾರೆ ಅಂದೆ.