ಕಾಡುಕತ್ತೆಯ ಉಪ್ಪಿನ ಬಯಲು

ಗುಜರಾತಿನ ಚಿಕ್ಕ ರಣಕ್ಕೆ ಕ್ಯಾಮೆರಾ ಹೆಗಲಿಗೇರಿಸಿ ಹೋದವರಿಗೆ ಮೊದಲ ತೊಡಕು ಒಂದೇ: ಅಲ್ಲಿ ತೆಗೆಯಲು ಏನೂ ಕಾಣುವುದಿಲ್ಲ. ಮರವಿಲ್ಲ, ಗುಡ್ಡವಿಲ್ಲ, ಮರಳಿನ ದಿಣ್ಣೆಯೂ ಇಲ್ಲ. ಎತ್ತ ತಿರುಗಿದರೂ ಒಣಗಿ ಬಿರುಕು ಬಿಟ್ಟ ಕೆಸರಿನ ನೆಲ, ಮೇಲೆ ಬರೀ ಆಕಾಶ. ಮರುಭೂಮಿ ಎಂದರೆ ಜೈಸಲ್ಮೇರಿನ ಮರಳು, ಒಂಟೆಗಳ ಸಾಲು ಎಂದುಕೊಂಡು ಬಂದವರು ಪೆಚ್ಚಾಗುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ದೂರದಲ್ಲಿ ನೀರಿನ ಮೇಲೆ ಏನೋ ತೇಲುತ್ತಿರುವಂತೆ ತೋರುತ್ತದೆ. ಅಲ್ಲಿ ನೀರಿಲ್ಲ, ಅದು ಮರೀಚಿಕೆ. ಅದರ ಮೇಲೆ ತೇಲುತ್ತಿರುವುದು ಕಾಡುಕತ್ತೆಗಳ ಹಿಂಡು.

ಅಹಮದಾಬಾದಿನಿಂದ ವಿರಮಗಾಮ್ ಮಾರ್ಗವಾಗಿ ಸುಮಾರು ನೂರು ಕಿಲೋಮೀಟರ್ ಹೋದರೆ ದಸಾಡಾ, ಝೈನಾಬಾದ್, ಪಾಟಡಿ ಎಂಬ ಊರುಗಳು. ಇವು ರಣದ ಬಾಗಿಲುಗಳು. ಒಳಗಿರುವುದು 1973ರಲ್ಲಿ ಘೋಷಣೆಯಾದ ಕಾಡುಕತ್ತೆ ಅಭಯಾರಣ್ಯ. ವಿಸ್ತಾರ 4,954 ಚದರ ಕಿಲೋಮೀಟರ್. ಬಿಳಿ ಉಪ್ಪಿನ ಮೇಲೆ ಡೇರೆ ಹಾಕಿ ಉತ್ಸವ ನಡೆಸುವ ಧೋರ್ಡೊ ಇದಲ್ಲ. ಅದು ಭುಜ್‌ನಿಂದ ಆಚೆ, ದೊಡ್ಡ ರಣದ ಅಂಚಿನಲ್ಲಿದೆ. ಟಿಕೆಟ್ ಮಾಡಿಸುವಾಗಲೇ ಈ ಗೊಂದಲ ಬಗೆಹರಿಸಿಕೊಳ್ಳಬೇಕು.

ಒಂದು ಕಾಲಕ್ಕೆ ಸಮುದ್ರದ ತೋಳು ಇಲ್ಲಿಯವರೆಗೂ ಚಾಚಿತ್ತು. ಹೂಳು ತುಂಬಿ ನೆಲ ಮೇಲೆದ್ದಿತು, ಉಪ್ಪು ಮಾತ್ರ ಅಡಿಯಲ್ಲೇ ಉಳಿಯಿತು. ಇಂದಿಗೂ ಮಳೆಗಾಲದಲ್ಲಿ ಬನಾಸ್, ರೂಪೇಣ್ ಮೊದಲಾದ ನದಿಗಳ ನೀರು ಇಲ್ಲಿಗೆ ಬಂದು ಹರಡುತ್ತದೆ. ಪಶ್ಚಿಮದಿಂದ ಕಛ್ ಕೊಲ್ಲಿಯ ಉಬ್ಬರವೂ ಒಳನುಗ್ಗುತ್ತದೆ. ಆಗ ರಣವೆಲ್ಲ ಮೊಣಕಾಲುದ್ದದ ಕೆರೆ. ನಡುನಡುವೆ ತುಸು ಎತ್ತರವಿರುವ ‘ಬೇಟ್’ ಎಂಬ ನಡುಗಡ್ಡೆಗಳು ಮಾತ್ರ ನೀರಿನ ಮೇಲೆ ಉಳಿಯುತ್ತವೆ. ಹುಲ್ಲು ಬೆಳೆಯುವುದು ಅಲ್ಲೇ, ಕಾಡುಕತ್ತೆಗಳು ಮೇಯುವುದೂ ಅಲ್ಲೇ.

ಕತ್ತೆ ಎಂದಾಕ್ಷಣ ಗೋಣಿ ಹೊತ್ತು ತಲೆ ತಗ್ಗಿಸಿ ನಿಂತ ಬಡಪ್ರಾಣಿ ಕಣ್ಮುಂದೆ ಬಂದರೆ, ಇಲ್ಲಿನ ‘ಘುಡಖರ್’ ನೋಡಿದ ಮೇಲೆ ಆ ಚಿತ್ರ ಅಳಿಸಿಹೋಗುತ್ತದೆ. ಮೈ ತಿಳಿಗಂದು, ಹೊಟ್ಟೆ ಬಿಳಿ, ಕುತ್ತಿಗೆಯ ಗಿಡ್ಡ ಕಪ್ಪು ಕೂದಲು ಬೆನ್ನಗುಂಟ ಗೆರೆಯಾಗಿ ಬಾಲದವರೆಗೆ ಇಳಿದಿರುತ್ತದೆ. ಓಡಲು ನಿಂತರೆ ಗಂಟೆಗೆ 60-70 ಕಿಲೋಮೀಟರ್ ವೇಗ. ಹಿಂದೆ ಸಿಂಧ್, ಬಲೂಚಿಸ್ತಾನದವರೆಗೂ ಹಬ್ಬಿದ್ದ ಈ ಉಪಜಾತಿ ಈಗ ಉಳಿದಿರುವುದು ಚಿಕ್ಕ ರಣ ಮತ್ತು ಅದರ ಆಸುಪಾಸಿನಲ್ಲಿ ಮಾತ್ರ. 1960ರ ಹೊತ್ತಿಗೆ ಸರ್ರಾ ಮತ್ತು ಆಫ್ರಿಕನ್ ಕುದುರೆ ರೋಗ ಬಡಿದು ಹಿಂಡು ಹಿಂಡೇ ಸತ್ತವು. 1969ರ ಗಣತಿಯಲ್ಲಿ ಸಿಕ್ಕಿದ್ದು 362. ಅಲ್ಲಿಂದ ಚೇತರಿಸಿಕೊಂಡು 2024ರ ಅಂದಾಜಿನಲ್ಲಿ ಸಂಖ್ಯೆ 7,672 ತಲುಪಿದೆ. ವನ್ಯಜೀವಿ ಸಂರಕ್ಷಣೆಯಲ್ಲಿ ಹುಲಿಯ ಕಥೆ ಹೇಳುವಷ್ಟು ಉತ್ಸಾಹದಿಂದ ಕತ್ತೆಯ ಕಥೆಯನ್ನು ಯಾರೂ ಹೇಳುವುದಿಲ್ಲ, ಅಷ್ಟೆ.

ಇಲ್ಲಿ ಛಾಯಾಗ್ರಾಹಕನಿಗೆ ದೊಡ್ಡ ಲೆನ್ಸ್‌ಗಿಂತ ಬೇಗ ಏಳುವ ಅಭ್ಯಾಸ ಮುಖ್ಯ. ಬಿಸಿಲೇರಿದರೆ ನೆಲದ ಮೇಲಿನ ಗಾಳಿ ಕುದಿಯತೊಡಗುತ್ತದೆ. ಎಷ್ಟು ಬೆಲೆಬಾಳುವ ಟೆಲಿ ಲೆನ್ಸ್ ಆದರೂ ಆ ಗಾಳಿಯ ಮೂಲಕ ಸ್ಪಷ್ಟ ಚಿತ್ರ ಕೊಡಲಾರದು. ಹತ್ತು ಗಂಟೆಯ ಮೇಲೆ ಕ್ಯಾಮೆರಾ ಚೀಲಕ್ಕೆ ಸೇರಿಸಿ, ಇಲ್ಲವೇ ಆ ನಡುಕವನ್ನೇ ಚಿತ್ರವಾಗಿಸಿ: ಕಾಲುಗಳು ಕರಗಿಹೋಗಿ ಬರೀ ಮುಂಡ ತೇಲುವ ಕತ್ತೆಗಳು ಕೆಟ್ಟ ಚಿತ್ರವೇನಲ್ಲ. ಬೆಳಗಿನ ಹೊತ್ತು ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದರೆ ಪ್ರಾಣಿಯ ಕಾಲು ಆಕಾಶದ ಬೆಳಕಿಗೆ ಬಿಡಿಸಿಕೊಂಡು ನಿಲ್ಲುತ್ತದೆ. ಜೀಪಿನ ಮೇಲಿಂದ ತೆಗೆದರೆ ಮಣ್ಣಿನ ಬಣ್ಣದ ಪ್ರಾಣಿ ಮಣ್ಣಿನಲ್ಲೇ ಮುಳುಗುತ್ತದೆ. ಉಪ್ಪಿನ ಬಿಳುಪು ಕ್ಯಾಮೆರಾದ ಮೀಟರನ್ನು ಏಮಾರಿಸುವುದರಿಂದ ಎಕ್ಸ್‌ಪೋಷರ್ ಒಂದು ಸ್ಟಾಪಿನಷ್ಟು ಹೆಚ್ಚಿಸದಿದ್ದರೆ ಉಪ್ಪು ಬೂದಿಯಾಗಿ ಬರುತ್ತದೆ. ಓಡುವ ಜೀಪಿನಲ್ಲಂತೂ ಲೆನ್ಸ್ ಬದಲಿಸಬೇಡಿ, ಧೂಳು ನೇರ ಸೆನ್ಸರಿಗೇ ಹೋಗುತ್ತದೆ.

ಓಡುವ ಕತ್ತೆಯ ಚಿತ್ರ ಬೇಕೆಂದು ಜೀಪು ಅಟ್ಟಿಸುವವರಿದ್ದಾರೆ. ರಣದಲ್ಲಿ ರಸ್ತೆಯಿಲ್ಲ, ತಡೆಯೂ ಇಲ್ಲ, ಭಕ್ಷೀಸಿನ ಆಸೆಗೆ ಚಾಲಕರೂ ಗಾಡಿ ಬಿಡುತ್ತಾರೆ. ಹಾಗೆ ತೆಗೆದ ಚಿತ್ರಗಳಲ್ಲಿ ಕಾಣುವುದು ಬೆದರಿದ ಪ್ರಾಣಿಯ ಹಿಂಭಾಗ. ಎಂಜಿನ್ ಆರಿಸಿ ಕೂತರೆ ಗಂಡುಗಳು ಹಿಂಗಾಲಿನ ಮೇಲೆ ಎದ್ದು ಕಚ್ಚಾಡುವುದನ್ನು, ತಾಯಿ ಮರಿಯ ಕುತ್ತಿಗೆ ಕೆರೆಯುವುದನ್ನು ನೋಡಬಹುದು.

ನರಿ, ತೋಳ, ಕತ್ತೆಕಿರುಬ, ಚಿಂಕಾರ, ನೀಲಗಾಯ್ ಎಲ್ಲ ಇಲ್ಲಿವೆ. ಬಾಲದ ತುದಿ ಬೆಳ್ಳಗಿದ್ದರೆ ಅದು ಮರುಭೂಮಿ ನರಿ, ಕಪ್ಪಗಿದ್ದರೆ ನಮ್ಮ ಬಯಲುಸೀಮೆಯಲ್ಲೂ ಓಡಾಡುವ ಮಾಮೂಲಿ ನರಿ. ಚಳಿಗಾಲದಲ್ಲಿ ನೀರು ಉಳಿದ ಕಡೆ ರಾಜಹಂಸ, ಹೆಜ್ಜಾರ್ಲೆ, ಕ್ರೇನ್ ಹಕ್ಕಿಗಳು ಸಾವಿರಗಟ್ಟಲೆ ಇಳಿಯುತ್ತವೆ. ಅಂಚಿನ ಪೊದೆಗಳೆಲ್ಲ ನಮ್ಮ ಪರಿಚಯದ ಬಳ್ಳಾರಿ ಜಾಲಿಯೇ. ಅಲ್ಲಿ ಅದನ್ನು ‘ಗಾಂಡೊ ಬಾವಳ್’, ಅಂದರೆ ಹುಚ್ಚು ಜಾಲಿ ಎನ್ನುತ್ತಾರೆ. ಕತ್ತೆಗಳು ಅದರ ಕಾಯಿ ತಿಂದು ಲದ್ದಿಯ ಜೊತೆ ಬೀಜ ಹರಡುತ್ತವೆ. ತಮ್ಮ ಹುಲ್ಲುಗಾವಲಿಗೆ ತಾವೇ ಕುತ್ತು ತಂದುಕೊಳ್ಳುತ್ತವೆ.

ಮಳೆನೀರು ಇಂಗುತ್ತಿದ್ದಂತೆ, ದಸರಾ-ದೀಪಾವಳಿಯ ಹೊತ್ತಿಗೆ, ಉಪ್ಪು ತೆಗೆಯುವ ಅಗರಿಯಾ ಕುಟುಂಬಗಳು ಪಾತ್ರೆ-ಪಗಡೆ, ಮಕ್ಕಳು-ಮರಿಯೊಂದಿಗೆ ರಣದೊಳಕ್ಕೆ ಹೊರಡುತ್ತವೆ. ಮುಂದಿನ ಬೇಸಿಗೆಯವರೆಗೂ ಅವರ ವಾಸ ಅಲ್ಲೇ. ಗೋಕರ್ಣದ ಬಳಿ ಸಾಣೀಕಟ್ಟೆಯಲ್ಲಿ ಸಮುದ್ರದ ನೀರನ್ನೇ ಆಗರಕ್ಕೆ ಬಿಡುತ್ತಾರೆ. ಇಲ್ಲಿ ಸಮುದ್ರಕ್ಕಿಂತ ಹಲವು ಪಟ್ಟು ಉಪ್ಪಾದ ನೀರನ್ನು ನೆಲದಡಿಯಿಂದ ಎತ್ತುತ್ತಾರೆ. ಬಾವಿ ತೋಡಿ, ನೆಲವನ್ನು ಕಾಲಿನಿಂದ ತುಳಿದು ಗಟ್ಟಿ ಮಾಡಿ, ಮಡಿ ಕಟ್ಟಿ, ನೀರನ್ನು ಒಂದರಿಂದ ಇನ್ನೊಂದಕ್ಕೆ ಹರಿಸುತ್ತಾ ಹೋಗುತ್ತಾರೆ. ಕೊನೆಯ ಮಡಿಯಲ್ಲಿ ಹರಳು ಕಟ್ಟತೊಡಗಿದ ಮೇಲೆ ಮರದ ಹಲ್ಲುಗಳ ಉದ್ದನೆಯ ಸಾಧನದಿಂದ ದಿನವೂ ಕೆರೆಯಬೇಕು, ಇಲ್ಲವಾದರೆ ಉಪ್ಪು ಹಾಳೆಯಂತೆ ಕೂತುಬಿಡುತ್ತದೆ. ದೇಶದ ಉಪ್ಪಿನಲ್ಲಿ ಸುಮಾರು ಮುಕ್ಕಾಲು ಪಾಲು ಗುಜರಾತಿನದು. ಅಗರಿಯಾನಿಗೆ ಕಿಲೋಗೆ ಒಂದು ರೂಪಾಯಿಯೂ ಸಿಗುವುದಿಲ್ಲ. ಹಂಗಾಮಿನ ಶುರುವಿನಲ್ಲೇ ವ್ಯಾಪಾರಿಯಿಂದ ಮುಂಗಡ ಪಡೆದಿರುವುದರಿಂದ ಚೌಕಾಸಿಗೆ ಬಾಯಿಯೂ ಇರುವುದಿಲ್ಲ.

ಛಾಯಾಗ್ರಾಹಕರು ಇಲ್ಲಿಗೆ ಬಂದು ತೆಗೆಯುವುದು ಸಾಮಾನ್ಯವಾಗಿ ಪಾದಗಳನ್ನು. ಉಪ್ಪಿನಲ್ಲಿ ಗಡುಸಾದ ಅಗರಿಯಾ ಪಾದಗಳು ಚಿತೆಯಲ್ಲೂ ಸುಡುವುದಿಲ್ಲ ಎಂಬ ಮಾತು ರಣದ ಬಗ್ಗೆ ಬರೆದ ಲೇಖನಗಳಲ್ಲೆಲ್ಲ ಸುತ್ತುತ್ತದೆ. ಅದನ್ನು ಕೇಳಿ ಬಂದವರು ನೇರ ಗುಡಿಸಲಿಗೆ ಹೋಗಿ ‘ಕಾಲು ತೋರಿಸಿ’ ಎನ್ನುತ್ತಾರೆ. ಇನ್ನೊಂದು ಚಾಳಿಯೂ ಉಂಟು. ಮಡಿಯ ಪಕ್ಕ ನಿಂತ ಸೋಲಾರ್ ಫಲಕ, ಬೈಕು, ಪ್ಲಾಸ್ಟಿಕ್ ನೀರಿನ ಟ್ಯಾಂಕು ಚೌಕಟ್ಟಿನೊಳಗೆ ಬಾರದಂತೆ ಸರಿದು ನಿಲ್ಲುವುದು. ಚಿತ್ರ ನೂರು ವರ್ಷ ಹಳೆಯದಾಗಿ ಕಾಣಬೇಕಲ್ಲ! ನನ್ನ ಮಟ್ಟಿಗೆ ಆ ಫಲಕವೇ ಅಲ್ಲಿನ ದೊಡ್ಡ ಸುದ್ದಿ. ಹಂಗಾಮಿನ ಗಳಿಕೆಯ ಬಹುಪಾಲನ್ನು ಡೀಸೆಲ್ ಪಂಪು ನುಂಗುತ್ತಿದ್ದ ಕಡೆ, ಸರ್ಕಾರದ ಸಹಾಯಧನದಿಂದ ಸೌರ ಪಂಪುಗಳು ಬಂದಿವೆ. ಹಳೆಯ ಸಾರಿಗೆ ಬಸ್ಸುಗಳನ್ನು ತರಗತಿಯಾಗಿಸಿ ಮಕ್ಕಳಿಗಾಗಿ ರಣದೊಳಗೇ ತಂದು ನಿಲ್ಲಿಸಿದ್ದಾರೆ. ಆ ಬಸ್ಸಿಗಿಂತ ಒಳ್ಳೆಯ ಚಿತ್ರ ರಣದಲ್ಲಿ ಎಷ್ಟು ಸಿಕ್ಕೀತು?

ವನ್ಯಜೀವಿಗಳ ಚಿತ್ರ ತೆಗೆಯುವವರದು ಇದಕ್ಕೆ ವಿರುದ್ಧವಾದ ಚಾಳಿ. ಅವರು ಕತ್ತೆಯ ಹಿಂದೆ ಉಪ್ಪಿನ ರಾಶಿ ಕಂಡರೆ ಲೆನ್ಸ್ ಆಚೆ ತಿರುಗಿಸುತ್ತಾರೆ. ಅಭಯಾರಣ್ಯ ಘೋಷಣೆಯಾದಾಗಿನಿಂದ ಇಲ್ಲಿನ ನೆಲದ ಮೇಲೆ ಅಗರಿಯಾಗಳ ಹಕ್ಕಿನ ಪ್ರಶ್ನೆ ತೂಗಾಡುತ್ತಲೇ ಇದೆ. ತಲೆಮಾರುಗಳಿಂದ ಉಪ್ಪು ತೆಗೆದವರ ಹೆಸರು ಸರ್ವೆ ಪಟ್ಟಿಯಲ್ಲಿಲ್ಲ ಎಂದು ಅವರನ್ನು ಗಡಿಯಲ್ಲೇ ತಡೆದದ್ದೂ ಉಂಟು. ಪ್ರಾಣಿ, ಮನುಷ್ಯ ಇಬ್ಬರೂ ಒಂದೇ ಚೌಕಟ್ಟಿನಲ್ಲಿರುವ ಚಿತ್ರ ತೆಗೆಯದವನು ಚಿಕ್ಕ ರಣ ನೋಡಿಲ್ಲವೆಂದೇ ನನ್ನ ತೀರ್ಮಾನ.

ಸಮಯವಿದ್ದರೆ ರಣದಂಚಿನ ಝಿಂಝುವಾಡಾ ಊರಿನ ಹಳೆಯ ಕೋಟೆಬಾಗಿಲ ಕೆತ್ತನೆ ನೋಡಿ. ಕಪ್ಪು ಉಣ್ಣೆ ಹೊದ್ದ ರಬಾರಿ ಹೆಂಗಸರು ಸುತ್ತಲ ಹಳ್ಳಿಗಳಲ್ಲಿ ಸಿಗುತ್ತಾರೆ, ಅವರ ಕನ್ನಡಿ ಕಸೂತಿಯೂ ಸಿಗುತ್ತದೆ. ಒಂದು ಗಳಿಗೆ ಕೂತು ಚಹಾ ಕುಡಿದ ಮೇಲೆ ಕ್ಯಾಮೆರಾ ತೆಗೆಯುವುದು ಲೇಸು.

ಬೆಂಗಳೂರಿನಿಂದ ಅಹಮದಾಬಾದಿಗೆ ನೇರ ವಿಮಾನವಿದೆ. ಮಳೆಗಾಲದ ನಾಲ್ಕು ತಿಂಗಳು ಅಭಯಾರಣ್ಯ ಮುಚ್ಚಿರುತ್ತದೆ. ಹಕ್ಕಿಗಳಿಗೆ ಡಿಸೆಂಬರ್-ಜನವರಿ, ಉಪ್ಪಿನ ರಾಶಿಗಳಿಗೆ ಮಾರ್ಚ್ ಸೂಕ್ತ. ಪ್ರವೇಶಕ್ಕೆ, ಕ್ಯಾಮೆರಾಕ್ಕೆ ಬೇರೆಬೇರೆ ಶುಲ್ಕ. ಅನುಮತಿಯಿಲ್ಲದೆ ಡ್ರೋನ್ ಹಾರಿಸುವಂತಿಲ್ಲ. ಅಗರಿಯಾಗಳ ಚಿತ್ರ ತೆಗೆದಿದ್ದರೆ ಊರಿಗೆ ಬಂದ ಮೇಲೆ ಒಂದು ಪ್ರತಿ ಮುದ್ರಿಸಿ ಕಳುಹಿಸಿ. ರಣದ ಗುಡಿಸಲಿಗೆ ಅಂಚೆ ಹೋಗುವುದಿಲ್ಲ, ನಿಮ್ಮನ್ನು ಕರೆದೊಯ್ದ ಗೈಡ್ ವಿಳಾಸಕ್ಕೆ ಹಾಕಿ.