ಹೃದಯಕ್ಕೆ ಪ್ರಾಣಿ ಕವಾಟ: ಬಾಳಿಕೆಯನ್ನೂ ಕೇಳಿ

"ಹಂದಿಯ ಕವಾಟ ಹಾಕ್ತಾರಂತೆ, ಜಾಯಿಝಾ ಉಸ್ತಾದ್?" ಬಳ್ಳಿಗಾವಿ ಕಡೆಯಿಂದ ಬೆಂಗಳೂರಿನ ಜಯದೇವಕ್ಕೆ ಹೊರಟವರಾದರೂ ಮೊದಲು ಕೇಳುವುದು ಇದನ್ನೇ. ಬೇರೆ ದಾರಿಯಿಲ್ಲದಾಗ ಜೀವ ಉಳಿಸಲು ವಿನಾಯಿತಿ ಉಂಟು (ಅಲ್ ಬಖರ 173). ಆದರೆ ದನದ ಹೃದಯದ ಹೊರಪೊರೆಯ ಕವಾಟವೂ ಸಿಗುತ್ತದೆ, ಡಾಕ್ಟರಲ್ಲಿ ವಿಚಾರಿಸಿ.

ಬಾಳಿಕೆಯನ್ನೂ ಕೇಳಿ. ಪ್ರಾಣಿ ಕವಾಟ ಸಾಮಾನ್ಯವಾಗಿ 10ರಿಂದ 15 ವರ್ಷ ಬರುತ್ತದೆ. ಆಮೇಲೆ ಸುಣ್ಣ ಕಟ್ಟಿ ಬಿಗಿಯಾಗುತ್ತದೆ, ಇಲ್ಲವೇ ಹರಿಯುತ್ತದೆ. ಪ್ರಾಯದವರಲ್ಲಿ ಬೇಗ, ವಯಸ್ಸಾದವರಲ್ಲಿ ನಿಧಾನ. ಹಾಗಾಗಿ ಎಳೆಯರಿಗೆ ಎರಡನೇ ಆಪರೇಷನ್ ಬರಬಹುದು.

ಲೋಹದ ಕವಾಟ ಹೆಚ್ಚು ಬಾಳುತ್ತದೆ. ಆದರೆ ರಕ್ತ ಹೆಪ್ಪುಗಟ್ಟದ ಮಾತ್ರೆ, ರಕ್ತಪರೀಕ್ಷೆ ಎರಡೂ ಜೀವನಪೂರ್ತಿ. ಆ ಮಾತ್ರೆಯಿಂದ ಗರ್ಭದ ಮಗುವಿಗೆ ಅಪಾಯವಿದೆ. ಮುಂದೆ ಮಕ್ಕಳು ಬೇಕೆನ್ನುವ ಹೆಣ್ಮಕ್ಕಳು ಮೊದಲೇ ಹೇಳಬೇಕು.

ಯಾವುದೇ ಇರಲಿ, ಡಾಕ್ಟರು ಹೇಳಿದ ದಿನ ಎಕೋ ಮಾಡಿಸಿ. ಏದುಸಿರು, ಕಾಲು ಬಾವು ಕಂಡರೆ ತಡ ಮಾಡಬೇಡಿ. ಹಲ್ಲು ಕೀಳಿಸುವ ಮುನ್ನ ಕವಾಟದ ವಿಷಯ ತಿಳಿಸಿ.